ಅಮೆರಿಕದ ಹಸಿವು ತಗ್ಗಿಸುವ ಮಾತ್ರೆಯನ್ನು ಹಾಸನಕ್ಕೆ ತರಿಸಿಕೊಳ್ಳಬಹುದೇ?

ಅಮೆರಿಕದಲ್ಲಿರುವ ನಿಮ್ಮ ಅಕ್ಕ ಅಲ್ಲಿನ ವೈದ್ಯರ ಚೀಟಿಯ ಮೇಲೆ ಫೆಂಟರ್ಮಿನ್ ಸೇವಿಸಿ ತೂಕ ಇಳಿಸಿಕೊಂಡಿದ್ದಾರೆ, ಅದನ್ನೇ ಹಾಸನಕ್ಕೆ ಪಾರ್ಸೆಲ್ ಮಾಡಿದರೆ ತಪ್ಪೇನು ಎಂದು ಕೇಳಿದ್ದೀರಿ. ಇದೇ ಊರಿನಲ್ಲಿ ಔಷಧ ಅಂಗಡಿ ನಡೆಸುವವನಾಗಿ ಹೇಳುತ್ತೇನೆ: ದಯವಿಟ್ಟು ತರಿಸಿಕೊಳ್ಳಬೇಡಿ. ಅಮೆರಿಕದಲ್ಲಿ ಆ ಮಾತ್ರೆಗೆ 1959ರಿಂದಲೂ ಮಾನ್ಯತೆ ಇದೆಯಾದರೂ ಅಲ್ಲಿಯೂ ಅದು ನಿಯಂತ್ರಿತ ಔಷಧವೇ.

ಇಂಥ ಮಾತ್ರೆಗಳ ಮೇಲೆ ಒಂದು ದೇಶ ಮಾತ್ರ ಬಿಗಿ ಮಾಡಿದರೆ ಏನಾಗುತ್ತದೆ ಎಂಬುದಕ್ಕೆ ಸ್ವೀಡನ್ನಿನ ಅನುಭವವನ್ನು ನೋಡಬಹುದು. ತೂಕ ಇಳಿಸಲೆಂದು ಬಂದ ಫೆನ್‌ಮೆಟ್ರಜಿನ್ ಮಾತ್ರೆಯನ್ನು ಅಲ್ಲಿ ಕೆಲವರು ನೀರಿನಲ್ಲಿ ಕರಗಿಸಿ ರಕ್ತನಾಳಕ್ಕೆ ಚುಚ್ಚಿಕೊಳ್ಳತೊಡಗಿದರು. 1950ರ ದಶಕದ ಕೊನೆಯಲ್ಲಿ ಸರ್ಕಾರ ಕಡಿವಾಣ ಹಾಕಿದಾಗ, ಅಷ್ಟು ನಿರ್ಬಂಧವಿಲ್ಲದ ಬೇರೆ ಯುರೋಪಿಯನ್ ದೇಶಗಳಿಂದ ಅದೇ ಮಾತ್ರೆ ಕಳ್ಳದಾರಿಯಲ್ಲಿ ಬಂತು. ಅಂತರರಾಷ್ಟ್ರೀಯ ಒಪ್ಪಂದವೇ ಬೇಕೆಂದು ಸ್ವೀಡನ್ ಪಟ್ಟು ಹಿಡಿದದ್ದು ಈ ಕಾರಣಕ್ಕೆ. 1971ರಲ್ಲಿ ವಿಯೆನ್ನಾದಲ್ಲಿ ಅಂಗೀಕಾರವಾದ ಮನೋಪರಿಣಾಮಕಾರಿ ವಸ್ತುಗಳ ಒಪ್ಪಂದ 1976ರಲ್ಲಿ ಜಾರಿಗೆ ಬಂತು. ಭಾರತ 1975ರಲ್ಲೇ ಅದನ್ನು ಸೇರಿತ್ತು.

ಒಪ್ಪಂದದಲ್ಲಿ ನಾಲ್ಕು ಪಟ್ಟಿಗಳಿವೆ. ಉತ್ತೇಜಕ ಔಷಧವಾದ ಆಂಫೆಟಮಿನ್ ಮತ್ತು ಫೆನ್‌ಮೆಟ್ರಜಿನ್ ಎರಡನೆಯದರಲ್ಲಿರುವುದರಿಂದ ಅವುಗಳ ಪ್ರತಿಯೊಂದು ರವಾನೆಗೂ ಆಮದು ಮತ್ತು ರಫ್ತು ಮಾಡುವ ಎರಡೂ ದೇಶಗಳ ಅನುಮತಿ ಬೇಕು. ಫೆಂಟರ್ಮಿನ್ ಮತ್ತು ಅದರಂತೆಯೇ ಹಸಿವು ತಗ್ಗಿಸುವ ಆಂಫೆಪ್ರಮೋನ್, ಮಾಜಿಂಡಾಲ್ ಇರುವುದು ನಾಲ್ಕನೆಯದರಲ್ಲಿ. ಅಲ್ಲಿ ಒಪ್ಪಂದದ ಹಿಡಿತ ಸಡಿಲ, ಹೆಚ್ಚಿನ ಬಿಗಿ ಆಯಾ ದೇಶಕ್ಕೆ ಬಿಟ್ಟದ್ದು. ನಾಲ್ಕನೆಯ ಪಟ್ಟಿ ಎಂದರೆ ನಿರಪಾಯ ಎಂದು ತಿಳಿಯುವವರಿದ್ದಾರೆ, ಅದು ಸರಿಯಲ್ಲ. ಬ್ರೆಜಿಲ್ 2011ರಲ್ಲಿ ಆಂಫೆಪ್ರಮೋನ್ ಮತ್ತು ಮಾಜಿಂಡಾಲ್‌ಗಳನ್ನು ನಿಷೇಧಿಸಿತು, 2017ರಲ್ಲಿ ಅಲ್ಲಿನ ಸಂಸತ್ತು ಕಾನೂನು ಮಾಡಿ ಮರಳಿ ತಂದಿತು, 2021ರಲ್ಲಿ ಸರ್ವೋಚ್ಚ ನ್ಯಾಯಾಲಯ ಆ ಕಾನೂನನ್ನೇ ರದ್ದುಮಾಡಿತು.

ನಮ್ಮಲ್ಲಿ ಮಾದಕ ಮತ್ತು ಮನೋಪರಿಣಾಮಕಾರಿ ವಸ್ತುಗಳ 1985ರ ಕಾಯ್ದೆಯ (ಎನ್‌ಡಿಪಿಎಸ್) ಅನುಸೂಚಿಯಲ್ಲಿ ಫೆಂಟರ್ಮಿನ್ ಹೆಸರಿದೆ. ಇಂಥ ವಸ್ತುವನ್ನು ಆಮದು ಮಾಡಿಕೊಳ್ಳಲು ಗ್ವಾಲಿಯರ್‌ನಲ್ಲಿರುವ ಕೇಂದ್ರ ನಾರ್ಕೋಟಿಕ್ಸ್ ಬ್ಯೂರೋದ ಪ್ರಮಾಣಪತ್ರ ಬೇಕು. ಅಕ್ಕ ಪ್ರೀತಿಯಿಂದ ಕಳಿಸಿದ್ದು ಎಂಬ ಮಾತು ಕಸ್ಟಮ್ಸ್‌ನಲ್ಲಿ ನಡೆಯುವುದಿಲ್ಲ. ತನ್ನ ಚಿಕಿತ್ಸೆಗೆಂದು ಸ್ವಲ್ಪ ಔಷಧ ಒಯ್ಯುವ ಪ್ರಯಾಣಿಕರಿಗೆ ಒಪ್ಪಂದದಲ್ಲಿ ರಿಯಾಯಿತಿಗೆ ಅವಕಾಶವಿದೆಯೇನೋ ನಿಜ, ಆದರೆ ಅದು ಚೀಟಿ ಯಾರ ಹೆಸರಿನಲ್ಲಿದೆಯೋ ಅವರಿಗೆ ಸಲ್ಲತಕ್ಕದ್ದು, ತಂಗಿಗಲ್ಲ.

ನನಗೆ ಇದಕ್ಕಿಂತ ಹೆಚ್ಚು ಚಿಂತೆ ಹುಟ್ಟಿಸುವುದು ಒಪ್ಪಂದದ ಪಟ್ಟಿಗಳ ಹೊರಗೇ ಉಳಿದ ಸಿಬುಟ್ರಮಿನ್ ಎಂಬ ತೂಕ ಇಳಿಸುವ ಔಷಧ. ಹೃದಯಾಘಾತ ಮತ್ತು ಪಾರ್ಶ್ವವಾಯುವಿನ ಅಪಾಯ ಕಂಡುಬಂದ ಮೇಲೆ 2010ರಲ್ಲಿ ಯುರೋಪ್ ಮತ್ತು ಅಮೆರಿಕದ ಮಾರುಕಟ್ಟೆಯಿಂದ ಅದು ಹೋಯಿತು, 2011ರಲ್ಲಿ ಭಾರತದಲ್ಲೂ ನಿಷೇಧವಾಯಿತು. ಆದರೂ ಗಿಡಮೂಲಿಕೆಯದೆಂದು ಮಾರುವ ಕ್ಯಾಪ್ಸೂಲ್‌ಗಳಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಅದನ್ನು ಮತ್ತೆ ಮತ್ತೆ ಪತ್ತೆಹಚ್ಚಿದೆ. ನಮ್ಮ ಅಂಗಡಿಗೂ ಒಬ್ಬರು ಅಂಥದೊಂದು ಡಬ್ಬಿ ತಂದು ತೋರಿಸಿದ್ದರು. ಮುಚ್ಚಳದ ಮೇಲೆ ಹಸಿರೆಲೆಯ ಚಿತ್ರ, ಸುತ್ತ ನೂರಕ್ಕೆ ನೂರು ನೈಸರ್ಗಿಕ ಎಂಬ ಬರಹ. ತಯಾರಕರ ಲೈಸೆನ್ಸ್ ಸಂಖ್ಯೆಯಿಲ್ಲ, ಬ್ಯಾಚ್ ಸಂಖ್ಯೆಯಿಲ್ಲ. ಒಳಗೇನಿತ್ತೋ ನೋಡಿ ಹೇಳಲಾಗದು, ಆದರೆ ಸೇವಿಸಿದವರಿಗೆ ಎದೆ ಬಡಿತ ಏರಿ ಎರಡು ರಾತ್ರಿ ನಿದ್ದೆ ಬಂದಿರಲಿಲ್ಲ.

ಪಾರ್ಸೆಲ್ ಬೇಡವೆಂದರು ಎಂದು ಮೊಬೈಲ್ ಜಾಹೀರಾತಿನ ಡಬ್ಬಿಗೆ ಕೈ ಹಾಕಬೇಡಿ. ಬಿಪಿ, ಥೈರಾಯ್ಡ್ ಮತ್ತು ಸಕ್ಕರೆ ಪರೀಕ್ಷೆ ಮಾಡಿಸಿಕೊಂಡು ವರದಿಯೊಂದಿಗೆ ಒಬ್ಬ ಫಿಸಿಷಿಯನ್‌ರನ್ನು ಕಾಣಿ. ಔಷಧ ಬೇಕೇ, ಬೇಕಾದರೆ ಯಾವುದು ಎಂದು ಅವರೇ ಬರೆದುಕೊಡಲಿ.