ಹೋಲ್ಡನ್‌ನ ಗೊಣಗಾಟ ಮತ್ತು ಮರುಓದು

ಹದಿನಾರರಲ್ಲಿ ದಿಂಬಿನಡಿ ಇಟ್ಟುಕೊಂಡು ಓದಿದ ‘ದ ಕ್ಯಾಚರ್ ಇನ್ ದ ರೈ’ ಈಗ ನಲವತ್ತು ದಾಟಿದ ಮೇಲೆ ರೇಜಿಗೆ ಹುಟ್ಟಿಸಿತು, ಕಥೆ ಹೇಳುವ ಹದಿಹರೆಯದ ನಾಯಕ ಹೋಲ್ಡನ್ ಬರೀ ಗೊಣಗುತ್ತಾನೆ ಎಂದು ಬರೆದಿದ್ದೀರಿ. ಪುಸ್ತಕ ಹಳಸಿತೋ, ನಿಮ್ಮ ಮನಸ್ಸು ಒರಟಾಯಿತೋ ಎಂಬುದು ಮೊದಲ ಪ್ರಶ್ನೆ. ಹದಿನೈದರ ಮಗಳಿಗೆ ಕೊಡಬಹುದೇ ಎಂಬುದು ಎರಡನೆಯದು.

ಪುಸ್ತಕ ಹಳಸಿಯೂ ಇಲ್ಲ, ನಿಮ್ಮ ಮನಸ್ಸು ಒರಟಾಗಿಯೂ ಇಲ್ಲ. ಹರೆಯದವರ ಖಿನ್ನತೆ ಅಳುಮೋರೆ ಹಾಕಿಕೊಂಡೇ ಬರಬೇಕೆಂದಿಲ್ಲ. ಎಷ್ಟೋ ಸಲ ಅದು ಸಿಡುಕಾಗಿ, ಎಲ್ಲರನ್ನೂ ಹಳಿಯುವ ಚಾಳಿಯಾಗಿ ಕಾಣಿಸಿಕೊಳ್ಳುತ್ತದೆ. ಅದಕ್ಕೇ ವೈದ್ಯರು ಈ ವಯಸ್ಸಿನವರಲ್ಲಿ ಸಿಡುಕನ್ನೂ ಖಿನ್ನತೆಯ ಮುಖ್ಯ ಲಕ್ಷಣವಾಗಿ ಎಣಿಸುತ್ತಾರೆ. ಹೋಲ್ಡನ್‌ಗೆ ಇಂಥ ಕಾಯಿಲೆ ಎಂದು 1951ರ ಈ ಕಾದಂಬರಿ ಎಲ್ಲೂ ಹೆಸರಿಡುವುದಿಲ್ಲ. ಹದಿನಾರರಲ್ಲಿ ನಾವು ಅವನ ಮಾತನ್ನು ನಂಬಿಬಿಡುತ್ತೇವೆ, ನಲವತ್ತರಲ್ಲಿ ಆ ಮಾತಿಗೇ ರೇಗುತ್ತೇವೆ. ಎರಡು ಸಲವೂ ಕಿವಿ ಅವನ ಮಾತಿನ ಮೇಲಿರುತ್ತದೆ, ಅವನು ಮಾಡುವುದರ ಮೇಲೆ ಕಣ್ಣು ಹೋಗುವುದಿಲ್ಲ.

ಇನ್ನೊಮ್ಮೆ ಓದಿ, ಆದರೆ ಹಳೆಯ ಪ್ರತಿ ಬೇಡ. ಅಂದು ಎಳೆದ ಗೆರೆಗಳು ನಿಮ್ಮನ್ನು ಅದೇ ಜಾಗಗಳಿಗೆ ಎಳೆದೊಯ್ಯುತ್ತವೆ. ಪೆನ್ಸಿಲ್ ಹಿಡಿದು ಅವನು ಯಾರಿಗಾದರೂ ಫೋನ್ ಮಾಡಬೇಕೆಂದುಕೊಂಡ ಕಡೆಯೆಲ್ಲ ಗುರುತು ಹಾಕಿ. ನ್ಯೂಯಾರ್ಕಿನಲ್ಲಿ ಇಳಿದವನೇ ಫೋನ್ ಬೂತ್ ಹೊಕ್ಕು, ಒಬ್ಬೊಬ್ಬರನ್ನೇ ನೆನೆದು, ಯಾರಿಗೂ ಮಾಡದೆ ಹೊರಬರುತ್ತಾನೆ. ಟ್ಯಾಕ್ಸಿಯವನ ಹತ್ತಿರ ಅಲ್ಲಿನ ಪಾರ್ಕಿನ ಕೊಳದ ಬಾತುಕೋಳಿಗಳ ಬಗ್ಗೆ ಕೇಳುವುದೂ ಮಾತಿಗೆ ಜನ ಹುಡುಕುವ ಪರಿಯೇ. ಗೊಣಗುವ ಹುಡುಗ ಪುಟಪುಟಕ್ಕೂ ಜೊತೆಗಾಗಿ ಅಲೆಯುತ್ತಿರುವುದು ಆಗ ಕಾಣುತ್ತದೆ.

ಆಮೇಲೆ ಅವನ ತಮ್ಮ ಆಲಿಯ ಹೆಸರು ಬರುವ ಕಡೆ ನಿಲ್ಲಿ. ಲ್ಯುಕೇಮಿಯಾದಿಂದ (ರಕ್ತದ ಕ್ಯಾನ್ಸರ್) ಆಲಿ ಸತ್ತದ್ದು 1946ರ ಜುಲೈ 18. ಆ ರಾತ್ರಿ ಹದಿಮೂರರ ಹೋಲ್ಡನ್ ಗ್ಯಾರೇಜಿನ ಕಿಟಕಿ ಗಾಜುಗಳನ್ನೆಲ್ಲ ಕೈಯಿಂದಲೇ ಗುದ್ದಿ ಒಡೆದ. ಇದು ಐದನೇ ಅಧ್ಯಾಯದಲ್ಲೇ ಇದೆ, ಹಾಸ್ಯದ ಓಟದಲ್ಲಿ ಹೆಚ್ಚಿನವರು ದಾಟಿ ಹೋಗುತ್ತಾರೆ. ನಿನಗೆ ಇಷ್ಟವಾದದ್ದು ಒಂದಾದರೂ ಹೇಳು ಎಂದು ತಂಗಿ ಫೀಬಿ ಕೇಳಿದಾಗ ಅವನ ಬಾಯಿಗೆ ಬರುವುದೂ ಆಲಿಯ ಹೆಸರೇ. ಇಡೀ ಪುಸ್ತಕದಲ್ಲಿ ನನ್ನ ಮಟ್ಟಿಗೆ ಇದೇ ಅತ್ಯಂತ ಕಠಿಣ ಪುಟ.

ಮಗಳ ವಿಷಯ. ಕೊಡಿ, ಆದರೆ ಮುಂಚೆ ನೀವು ಓದಿ ಮುಗಿಸಿರಿ. 14ನೇ ಅಧ್ಯಾಯದ ಕೊನೆಗೆ ಅವನಿಗೆ ಸಾಯಬೇಕೆನಿಸುತ್ತದೆ, 22ರಲ್ಲಿ ಸಹಪಾಠಿಯೊಬ್ಬ ಕಿಟಕಿಯಿಂದ ಹಾರಿ ಸತ್ತ ನೆನಪು ಬರುತ್ತದೆ. ಅವಳು ಅಲ್ಲಿಗೆ ತಲುಪಿದಾಗ ಮಾತಿಗೆ ಸಿಗುವಂತಿರಿ. ಪಾತ್ರದ ನೆಪದಲ್ಲಿ ಸುತ್ತಿ ಬಳಸಿ ವಿಚಾರಿಸಬೇಡಿ, ಮಕ್ಕಳಿಗೆ ಅದು ತಕ್ಷಣ ಗೊತ್ತಾಗುತ್ತದೆ. ಅನುಮಾನವಿದ್ದರೆ ‘ಸಾಯಬೇಕು ಅನ್ನಿಸುತ್ತಾ?’ ಎಂದೇ ಕೇಳಿ. ಕೇಳಿದ ಮಾತ್ರಕ್ಕೆ ಆ ಯೋಚನೆ ಹುಟ್ಟುವುದಿಲ್ಲ. ಹೌದೆಂದರೆ ಅವಳನ್ನು ಒಂಟಿಯಾಗಿ ಬಿಡದೆ ಆವತ್ತೇ ವೈದ್ಯರಲ್ಲಿಗೆ ಕರೆದೊಯ್ಯಿರಿ. ಅಷ್ಟಿಲ್ಲದಿದ್ದರೂ ಸಿಡುಕು, ನಿದ್ದೆಗೇಡು, ಊಟ ಸೇರದಿರುವುದು, ಇಷ್ಟದ ಕೆಲಸಗಳಲ್ಲೂ ನಿರಾಸಕ್ತಿ ಎರಡು ವಾರ ಬಿಡದೆ ಕಂಡರೆ ಕಾದಂಬರಿಯನ್ನು ಕಪಾಟಿನಲ್ಲಿಟ್ಟು ಮೊದಲು ವೈದ್ಯರನ್ನು ಕಾಣಿರಿ.

— ಸಂಪಾದಕ