ಅಂಬಾಸಿಡರ್ ಕಾರಿನ ಕೆಂಪು ಇಗ್ನಿಷನ್ ದೀಪ ರಾತ್ರಿ ಮಾತ್ರ ಮಿಣುಕುವುದೇಕೆ?

ಗಂಗಾವತಿಯ ನಿಮ್ಮ ಮನೆಯಲ್ಲಿರುವ, ತಂದೆಯವರು ಓಡಿಸುತ್ತಿದ್ದ 1974ರ ಮಾರ್ಕ್ 2 ಅಂಬಾಸಿಡರ್‌ನಲ್ಲಿ ಚಾರ್ಜ್ ಆಗದಿದ್ದರೆ ಎಚ್ಚರಿಸುವ ಕೆಂಪು ಇಗ್ನಿಷನ್ ದೀಪ ಹಗಲು ಸರಿಯಾಗಿಯೇ ಆರುತ್ತದೆ, ರಾತ್ರಿ ಹೆಡ್‌ಲೈಟ್ ಹಾಕಿದೊಡನೆ ಮಂದವಾಗಿ ಉರಿಯತೊಡಗುತ್ತದೆ, ಎಂಜಿನ್ ವೇಗ ಹೆಚ್ಚಿಸಿದರೆ ಇನ್ನಷ್ಟು ಕೆಂಪಾಗುತ್ತದೆ ಎಂದು ಬರೆದಿದ್ದೀರಿ. ಬ್ಯಾಟರಿಯನ್ನು ಚಾರ್ಜ್ ಮಾಡುವ ಡೈನಮೊದ ಕಾರ್ಬನ್ ಬ್ರಷ್ ಬದಲಿಸಿ, ಹೊಸ ಬ್ಯಾಟರಿ ಕೂರಿಸಿದ ಮೇಲೂ ದೀಪ ಆರದಿರುವುದರಿಂದ ಡೈನಮೊವನ್ನೇ ಬದಲಿಸಬೇಕೆ ಎಂಬುದು ನಿಮ್ಮ ಪ್ರಶ್ನೆ. ದಯವಿಟ್ಟು ಸದ್ಯಕ್ಕೆ ಬದಲಿಸಬೇಡಿ. ಬಳ್ಳಾರಿಯಲ್ಲಿ ಇದೇ ತಳಿಯ ಗಾಡಿ ಇಟ್ಟುಕೊಂಡಿರುವ ನಾನು ಇದೇ ದೀಪದ ಹಿಂದೆ ಬಿದ್ದು ಎರಡು ಸಲ ಡೈನಮೊ ಬಿಚ್ಚಿಸಿದವನು. ಎರಡು ಸಲವೂ ಅದರಲ್ಲಿ ದೋಷವಿರಲಿಲ್ಲ.

ಈ ದೀಪ ಬ್ಯಾಟರಿಯನ್ನಾಗಲಿ ಡೈನಮೊವನ್ನಾಗಲಿ ನೇರವಾಗಿ ಅಳೆಯುವುದಿಲ್ಲ. ಅದರ ಒಂದು ತುದಿ ಇಗ್ನಿಷನ್ ಸ್ವಿಚ್‌ಗೂ ಇನ್ನೊಂದು ತುದಿ ಡೈನಮೊದ ಕರೆಂಟ್ ಹೊರಬರುವ ಡಿ ಟರ್ಮಿನಲ್‌ಗೂ ಸೇರಿರುವುದರಿಂದ ಅದು ತಕ್ಕಡಿಯ ಮುಳ್ಳಿನಂತೆ ಎರಡು ಕಡೆಯ ವೋಲ್ಟೇಜನ್ನು ಹೋಲಿಸುತ್ತದೆ, ಅಷ್ಟೆ. ಕೀಲಿ ತಿರುಗಿಸಿದಾಗ ಸ್ವಿಚ್ ಕಡೆ 12 ವೋಲ್ಟ್, ನಿಂತ ಡೈನಮೊ ಕಡೆ ಸೊನ್ನೆ, ದೀಪ ಉರಿಯುತ್ತದೆ. ಡೈನಮೊ ಚಾರ್ಜ್ ಮಾಡತೊಡಗಿದಾಗ ಎರಡೂ ಕಡೆ ಸಮವಾಗಿ ದೀಪ ಆರುತ್ತದೆ. ಹೆಚ್ಚಿನವರು ಮರೆಯುವುದು ಏನೆಂದರೆ, ಬಲ್ಬಿಗೆ ಕರೆಂಟ್ ಯಾವ ಕಡೆಯಿಂದ ಬಂದರೂ ಒಂದೇ. ಸ್ವಿಚ್ ಕಡೆಯ ವೋಲ್ಟೇಜ್ ಕುಸಿದರೆ ಡೈನಮೊದಿಂದಲೇ ಹಿಮ್ಮುಖವಾಗಿ ಹರಿದು ದೀಪ ಉರಿಯುತ್ತದೆ. ಹಾಗಾಗಿ ವೇಗ ಹೆಚ್ಚಿಸಿದಂತೆ ಬೆಳಕು ಕಡಿಮೆಯಾಗುತ್ತಾ ಬಂದರೆ ಡೈನಮೊ ಅಥವಾ ಸಡಿಲವಾದ ಫ್ಯಾನ್ ಬೆಲ್ಟ್ ಅನ್ನು ಸಂಶಯಿಸಬಹುದು. ನಿಮ್ಮದರಂತೆ ಬೆಳಕು ಹೆಚ್ಚುತ್ತಿದ್ದರೆ ಡೈನಮೊ ದುಡಿಯುತ್ತಿದೆ, ಅದರ ದುಡಿಮೆ ಮುಂದಕ್ಕೆ ತಲುಪುತ್ತಿಲ್ಲ ಎಂದೇ ಅರ್ಥ.

ರಾತ್ರಿ ಮಾತ್ರ ಏಕೆ ಎಂಬುದಕ್ಕೆ ಸಣ್ಣ ಲೆಕ್ಕ ಸಾಕು. ಈ ಗಾಡಿಗಳಲ್ಲಿ ಹೆಡ್‌ಲೈಟಿನ ಕರೆಂಟನ್ನು ಸ್ವಿಚ್‌ನಿಂದ ತಪ್ಪಿಸಿ ಒಯ್ಯುವ ರಿಲೇ ಇಲ್ಲ. ಡೈನಮೊ ಚಾರ್ಜ್ ಮಾಡುವಾಗ ಮಾತ್ರ ಅದನ್ನು ಬ್ಯಾಟರಿಗೆ ಜೋಡಿಸುವ ಕಟ್‌ಔಟ್ ಪೆಟ್ಟಿಗೆಯ ಎ1 ಟರ್ಮಿನಲ್‌ನಿಂದ ಹೊರಟ ಒಂದೇ ದಪ್ಪ ತಂತಿ ಮೊದಲು ಲೈಟ್ ಸ್ವಿಚ್‌ಗೆ, ಅಲ್ಲಿಂದ ಇಗ್ನಿಷನ್ ಸ್ವಿಚ್‌ಗೆ ಹೋಗುತ್ತದೆ. 45 ವಾಟ್‌ನ ಎರಡು ಹೆಡ್‌ಲೈಟ್ ಬಲ್ಬುಗಳೇ ಏಳೂವರೆ ಆಂಪಿಯರ್ ಎಳೆಯುತ್ತವೆ, ಹಿಂದಿನ ದೀಪಗಳೂ ಸ್ಪಾರ್ಕ್ ಪ್ಲಗ್‌ಗೆ ಕಿಡಿ ಒದಗಿಸುವ ಇಗ್ನಿಷನ್ ಕಾಯಿಲೂ ಸೇರಿದರೆ 12ರ ಹತ್ತಿರ. ಆ ದಾರಿಯಲ್ಲಿ ಎಲ್ಲೋ ಒಂದು ಜಂಗು ಹಿಡಿದ ಜೋಡಣೆ 0.2 ಓಮ್‌ನಷ್ಟು ತಡೆಯೊಡ್ಡಿದರೂ 2.4 ವೋಲ್ಟ್ ಅಲ್ಲೇ ಸೋರಿಹೋಗುತ್ತದೆ. ಬೂದಿ ಮುಚ್ಚಿದ ಕೆಂಡದಷ್ಟು ಬೆಳಕಿಗೆ ಅದು ಸಾಕು. ಹಗಲು ಕಾಯಿಲ್‌ನ ಮೂರು ಆಂಪಿಯರ್ ಮಾತ್ರ ಇರುವಾಗ ನಷ್ಟ 0.6 ವೋಲ್ಟ್, ಅದು ಕಣ್ಣಿಗೆ ಬೀಳುವುದಿಲ್ಲ.

ಆದ್ದರಿಂದ ಸ್ಪ್ಯಾನರ್‌ಗಿಂತ ಮೊದಲು ಮಲ್ಟಿಮೀಟರ್ ಹಿಡಿಯಿರಿ. ಗೇರ್ ನ್ಯೂಟ್ರಲ್‌ನಲ್ಲಿಟ್ಟು, ಹ್ಯಾಂಡ್‌ಬ್ರೇಕ್ ಎಳೆದು, ಹೆಡ್‌ಲೈಟ್ ಹಾಕಿ, ಒಬ್ಬರಿಗೆ ಆಕ್ಸಿಲರೇಟರ್ ಒತ್ತಿಹಿಡಿಯಲು ಹೇಳಿ, ಡಿ.ಸಿ. ವೋಲ್ಟ್‌ನಲ್ಲಿಟ್ಟ ಮೀಟರಿನ ಎರಡು ಕಡ್ಡಿಗಳನ್ನು ಮೊದಲು ಕಟ್‌ಔಟ್ ಪೆಟ್ಟಿಗೆಯ ಡಿ ಮತ್ತು ಎ ಟರ್ಮಿನಲ್‌ಗಳ ನಡುವೆ, ನಂತರ ಎ1 ಮತ್ತು ಲೈಟ್ ಸ್ವಿಚ್ ನಡುವೆ, ಆಮೇಲೆ ಲೈಟ್ ಸ್ವಿಚ್ ಮತ್ತು ಇಗ್ನಿಷನ್ ಸ್ವಿಚ್ ನಡುವೆ, ಕೊನೆಗೆ ಇಗ್ನಿಷನ್ ಸ್ವಿಚ್‌ನ ಒಳಬರುವ ಮತ್ತು ಹೊರಹೋಗುವ ಟರ್ಮಿನಲ್‌ಗಳ ನಡುವೆ ಇಡಿ. ಕಡ್ಡಿಗಳು ಅರ್ಥ್‌ಗೆ, ಅಂದರೆ ಗಾಡಿಯ ಲೋಹದ ಮೈಗೆ, ತಾಗದಿರಲಿ, ನಿಮ್ಮ ಅಂಗಿಯ ತೋಳು ಫ್ಯಾನ್‌ನಿಂದ ದೂರವಿರಲಿ. ಎಲ್ಲಿ ಅರ್ಧ ವೋಲ್ಟ್‌ಗಿಂತ ಹೆಚ್ಚು ತೋರಿಸುತ್ತದೆಯೋ ರೋಗ ಅಲ್ಲಿದೆ. ಅಂಕಿಯ ಹಿಂದೆ ಮೈನಸ್ ಬಂದರೆ ಗಾಬರಿ ಬೇಡ, ಕಡ್ಡಿಗಳು ಅದಲುಬದಲಾಗಿವೆ ಅಷ್ಟೆ. ತಂತಿಯ ಬಣ್ಣವನ್ನು ಮಾತ್ರ ನಂಬಬೇಡಿ. ಐವತ್ತು ವರ್ಷಗಳಲ್ಲಿ ಎಷ್ಟು ಜನ ಎಷ್ಟು ತುಂಡು ವೈರ್ ಸೇರಿಸಿದ್ದಾರೋ ಯಾರಿಗೆ ಗೊತ್ತು.

ನನ್ನ ಗಾಡಿಯಲ್ಲಿ ರೋಗ ಸಿಕ್ಕಿದ್ದು ಎ1 ಸ್ಕ್ರೂವಿನಲ್ಲಿ. ಹೊರಗಿನಿಂದ ನೋಡಿದರೆ ಬಿಗಿಯಾಗಿಯೇ ಇತ್ತು. ಬ್ಯಾಟರಿ ಕಳಚಿ, ಸ್ಕ್ರೂ ಅರ್ಧ ಸುತ್ತು ಸಡಿಲಿಸಿದಾಗ ಸಂಡೂರು ರಸ್ತೆಯ ಅದಿರಿನ ಕೆಂಪು ಧೂಳು ಉದುರಿತು. ಅದರ ಕೆಳಗೆ ತಾಮ್ರದ ಎಳೆಗಳು ಹಸಿರುಗಪ್ಪಾಗಿ, ಮೇಲಿನ ಕವಚ ಕಾದು ಹಪ್ಪಳದಂತೆ ಸೆಟೆದು ನಿಂತಿತ್ತು. ಎಳೆಗಳಲ್ಲಿ ಅರ್ಧದಷ್ಟು ಉಗುರು ತಾಗಿದೊಡನೆ ಮುರಿದವು. ಕಪ್ಪಾದ ಭಾಗವನ್ನೆಲ್ಲ ಕತ್ತರಿಸಿ, ಹೊಳೆಯುವ ತಾಮ್ರ ಕಾಣುವವರೆಗೆ ಸುಲಿದು, ಬೆಸುಗೆ ಹಾಕಿ ಮತ್ತೆ ಬಿಗಿದೆ. ಮೊದಲು 2.1 ವೋಲ್ಟ್ ಇದ್ದದ್ದು 0.1ಕ್ಕೆ ಇಳಿಯಿತು. ಹೆಡ್‌ಲೈಟ್ ಕೂಡ ಬೆಳ್ಳಗಾಯಿತು, ಅದು ಕೇಳದೆ ಸಿಕ್ಕ ಲಾಭ.

ನಿಮ್ಮ ಮೀಟರ್ ಡಿ ಮತ್ತು ಎ ನಡುವೆ ಹೆಚ್ಚು ತೋರಿಸಿದರೆ ಕಟ್‌ಔಟ್‌ನ ಪಾಯಿಂಟ್‌ಗಳು, ಅಂದರೆ ಕೂಡಿ ಬಿಡುವ ಲೋಹದ ತುದಿಗಳು, ಕರಕಾಗಿವೆ ಎಂದು ತಿಳಿಯಿರಿ. ಬ್ಯಾಟರಿ ಕಳಚಿದ ಮೇಲಷ್ಟೇ ಮುಚ್ಚಳ ತೆಗೆಯಿರಿ, ಏಕೆಂದರೆ ಬ್ಯಾಟರಿ ಇರುವಾಗ ಆ ಪಾಯಿಂಟ್‌ಗಳನ್ನು ಬೆರಳಿನಿಂದ ಕೂಡಿಸಿದರೆ ನಿಂತ ಡೈನಮೊಗೆ ಬ್ಯಾಟರಿಯ ಕರೆಂಟೆಲ್ಲ ನುಗ್ಗುತ್ತದೆ. ನುಣುಪಾದ ಗ್ಲಾಸ್ ಪೇಪರ್‌ನಿಂದ ಎರಡು ಮೂರು ಸಲ ಎಳೆದು, ಸ್ಪಿರಿಟ್ ಹಚ್ಚಿದ ಬಟ್ಟೆಯಿಂದ ಒರೆಸಿದರೆ ಸಾಕು. ಎಮರಿ ಪೇಪರ್ ಬೇಡ, ಅದರ ಹರಳು ಪಾಯಿಂಟ್‌ನಲ್ಲೇ ಕಚ್ಚಿಕೊಳ್ಳುತ್ತದೆ. ಸ್ಪ್ರಿಂಗ್ ಹೊಂದಿಸುವ ಸ್ಕ್ರೂಗಳನ್ನು ಮುಟ್ಟಬೇಡಿ.

ಬಲ್ಬನ್ನೇ ಕಿತ್ತುಬಿಡಿ ಎಂಬ ಸಲಹೆ ನನಗೂ ಬಂದಿತ್ತು, ನಿಮಗೂ ಬರುತ್ತದೆ. ಡೈನಮೊ ಗಾಡಿಯಲ್ಲಿ ಹಾಗೆ ಮಾಡಿದರೂ ಚಾರ್ಜ್ ಆಗುತ್ತದೆ, ಆದರೆ ಬೆಲ್ಟ್ ಹರಿದ ದಿನ ಎಚ್ಚರಿಸಲು ಯಾರೂ ಇರುವುದಿಲ್ಲ, ಮತ್ತು ಆ ಬೆಲ್ಟೇ ವಾಟರ್ ಪಂಪನ್ನೂ ತಿರುಗಿಸುವುದು.