ಆಮೆಯ ಹಿಕ್ಕೆಯಲ್ಲಿ ಬಿಳಿ ದಾರ

ಪ್ರಶ್ನೆ: ಹೊಲದ ಬದುವಿನಲ್ಲಿ ಸಿಕ್ಕ ನಕ್ಷತ್ರ ಆಮೆಯನ್ನು ನಾಲ್ಕು ವರ್ಷದಿಂದ ಸಾಕಿದ್ದೇವೆ. ಪ್ಲಾಸ್ಟಿಕ್ ಟಬ್ಬಿಗೆ ಮಣ್ಣು ತುಂಬಿ ಬಿಟ್ಟಿದ್ದೇವೆ. ಅನ್ನ, ಸೌತೆಕಾಯಿ, ಬಾಳೆಹಣ್ಣು ತಿನ್ನುತ್ತಿತ್ತು. ಎರಡು ವಾರದಿಂದ ಏನೂ ಮುಟ್ಟುತ್ತಿಲ್ಲ. ಹಿಕ್ಕೆ ನೀರಾಗಿದೆ, ಅದರಲ್ಲಿ ಬಿಳಿ ದಾರದಂಥ ಹುಳುಗಳು. ಕುರಿಯ ಜಂತಿನ ಔಷಧಿ ಕೊಡಬಹುದೇ? ಇಲ್ಲ, ಹೊಲಕ್ಕೇ ಬಿಟ್ಟುಬಿಡಲೇ?
— ಓದುಗರು, ಚಿಂತಾಮಣಿ ತಾಲ್ಲೂಕು

ಉತ್ತರ: ಎರಡೂ ಬೇಡ. ಕುರಿಯ ಔಷಧಿಯಲ್ಲಿ ಐವರ್‌ಮೆಕ್ಟಿನ್ ಇದ್ದರೆ ಒಂದು ಹನಿಯೂ ಹಾಕಬೇಡಿ, ಆಮೆಗೆ ಅದು ವಿಷ. ನಾನು ಕೆಲಸಕ್ಕೆ ಸೇರಿದ ಹೊಸತರಲ್ಲಿ ಒಬ್ಬರು ಟವೆಲ್ಲಿನಲ್ಲಿ ಸುತ್ತಿ ಒಂದು ಆಮೆ ತಂದಿದ್ದರು. ಹಿಂದಿನ ದಿನ ಯಾರೋ ಆ ಇಂಜೆಕ್ಷನ್ ಚುಚ್ಚಿದ್ದರಂತೆ. ಕಾಲು ಮುಟ್ಟಿದರೂ ಒಳಗೆಳೆದುಕೊಳ್ಳಲಿಲ್ಲ. ಕುತ್ತಿಗೆ ನನ್ನ ಅಂಗೈ ಮೇಲೆ ಒದ್ದೆ ಬಟ್ಟೆಯ ಹಾಗೆ ಬಿದ್ದುಕೊಂಡಿತ್ತು. ಮೂರನೇ ದಿನ ಉಸಿರು ನಿಂತಿತು. ನೆನೆದರೆ ಈಗಲೂ ಸಂಕಟವಾಗುತ್ತದೆ.

ನೀವು ಕಂಡದ್ದು ಬಹುಶಃ ಆಕ್ಸಿಯೂರಿಡ್ ಜಾತಿಯ ದಾರಹುಳು. ಬಯಲಿನ ಆಮೆಗಳ ಕರುಳಲ್ಲೂ ಇರುತ್ತದೆ, ಸ್ವಲ್ಪ ಇದ್ದರೆ ತೊಂದರೆಯಿಲ್ಲ. ಅಲ್ಲಿ ಆಮೆ ಹಿಕ್ಕೆ ಹಾಕಿ ಮುಂದೆ ನಡೆದುಬಿಡುತ್ತದೆ. ಟಬ್ಬಿನಲ್ಲಿ ಎಲ್ಲಿಗೆ ಹೋದೀತು? ಹಿಕ್ಕೆಯೊಂದಿಗೆ ಬಿದ್ದ ಮೊಟ್ಟೆಗಳು ಅದೇ ಮಣ್ಣಿನಲ್ಲಿ ಬಲಿತು, ಸೌತೆ ಹೋಳಿಗೆ ಅಂಟಿ, ಮತ್ತೆ ಅದರ ಹೊಟ್ಟೆಗೇ ಸೇರುತ್ತವೆ. ನಾಲ್ಕು ವರ್ಷ ಇದೇ ನಡೆದಿದೆ. ಹುಳು ಮಿತಿಮೀರಿದರೆ ಹಸಿವು ಸಾಯುತ್ತದೆ, ತೂಕ ಇಳಿಯುತ್ತದೆ, ಕರುಳು ಕಟ್ಟಿಕೊಳ್ಳುತ್ತದೆ, ತಿಣುಕಿ ತಿಣುಕಿ ಗುದ ಹೊರಬರುವುದೂ ಉಂಟು. ಹಿಕ್ಕೆ ನೀರಾಗಲು ಕಣ್ಣಿಗೆ ಕಾಣದ ಏಕಕೋಶ ಜೀವಿಗಳೂ ಕಾರಣವಿರಬಹುದು. ಹುಲ್ಲು ಸೊಪ್ಪು ಅರಗಿಸುವ ಕರುಳಿಗೆ ಅನ್ನ, ಬಾಳೆಹಣ್ಣು ಹೋದರೆ ಅವಕ್ಕೆ ಹಬ್ಬ.

ಆದ್ದರಿಂದ ಮೊದಲು ತಾಜಾ ಹಿಕ್ಕೆಯನ್ನು ಸೂಕ್ಷ್ಮದರ್ಶಕದಲ್ಲಿ ನೋಡಬೇಕು, ಆಮೆಯನ್ನು ತೂಗಬೇಕು, ಆಮೇಲೆ ಔಷಧಿ. ಸಾಮಾನ್ಯವಾಗಿ ಫೆನ್‌ಬೆಂಡಜೋಲ್ ಕೊಡುತ್ತೇವೆ. ಅದೂ ಅಳತೆ ತಪ್ಪಿದರೆ ಬಿಳಿ ರಕ್ತಕಣ ಕುಸಿಯುತ್ತದೆ.

ಹೊಲಕ್ಕೆ ಬಿಟ್ಟರೆ ಟಬ್ಬಿನ ರೋಗವೆಲ್ಲ ಅಲ್ಲಿನ ಆಮೆಗಳಿಗೂ ಹಂಚಿಕೆಯಾಗುತ್ತದೆ. ಕಳ್ಳಸಾಗಣೆಯಾಗಿ ಸಿಂಗಪುರ ಸೇರಿ, 2018ರಲ್ಲಿ ಬೆಂಗಳೂರಿಗೆ ಮರಳಿದ 51 ನಕ್ಷತ್ರ ಆಮೆಗಳನ್ನೂ ಬಂದ ದಿನವೇ ಬಯಲಿಗೆ ಬಿಡಲಿಲ್ಲ. ಇನ್ನೊಂದು ಮಾತು ಕೇಳಿ. ಪ್ರೀತಿಯಿಂದಲೇ ಸಾಕಿದ್ದೀರಿ, ಆದರೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಈ ಆಮೆಯನ್ನು ಮನೆಯಲ್ಲಿಟ್ಟುಕೊಳ್ಳುವುದು ಅಪರಾಧ. ಭಯಪಟ್ಟು ದಿನ ದೂಡಬೇಡಿ, ಉಣ್ಣದ ಆಮೆಗೆ ಅಷ್ಟು ದಿನ ಉಳಿದಿಲ್ಲ. ವಲಯ ಅರಣ್ಯ ಕಚೇರಿಗೆ ನಾಳೆಯೇ ತಿಳಿಸಿ, ಒಪ್ಪಿಸಿ.

ಅಲ್ಲಿಯವರೆಗೆ ಟಬ್ಬಿನ ಮಣ್ಣು ತೆಗೆದು ಹಳೆ ಪೇಪರ್ ಹಾಸಿ, ದಿನಾ ಬದಲಿಸಿ. ತಟ್ಟೆಯಲ್ಲಿ ಗದ್ದ ಮುಳುಗದಷ್ಟು ಉಗುರುಬೆಚ್ಚಗಿನ ನೀರು ಹಾಕಿ ಹದಿನೈದು ನಿಮಿಷ ಕೂರಿಸಿ, ಕುಡಿಯುತ್ತದೆ. ಮುಟ್ಟಿದ ಕೈಯನ್ನು ಸೋಪಿನಿಂದ ತೊಳೆಯಿರಿ, ಮಕ್ಕಳದ್ದೂ. ಕಚೇರಿಗೆ ಹೋಗುವಾಗ ಆ ಬೆಳಗಿನ ಹಿಕ್ಕೆಯನ್ನು ಮುಚ್ಚಳದ ಡಬ್ಬಿಯಲ್ಲಿ ಹಾಕಿಕೊಂಡು ಹೋಗಿ, ನೋಡುವ ವೈದ್ಯರು ಅದಕ್ಕಾಗಿ ಒಂದು ದಿನ ಕಾಯುವುದು ತಪ್ಪುತ್ತದೆ.